ಬೆಟ್ಟದ ಮೇಲೆ ಫೀಲ್ಡ್ ಟಾರ್ಗೆಟ್: ಗಾಳಿಯನ್ನು ಬೈಯುವ ಮೊದಲು ಸ್ಕೋಪ್ ನೋಡಿ

ಚಳಿಗಾಲ ಬಂತೆಂದರೆ ಮುಂಬೈ, ಪುಣೆಯ ಏರ್‌ಗನ್ ಹವ್ಯಾಸಿಗಳ ಕಣ್ಣು ಘಟ್ಟದ ಕಡೆ ಹೊರಳುತ್ತದೆ. ಪಾಂಚ್‌ಗಣಿ, ಮಹಾಬಳೇಶ್ವರದ ಆಸುಪಾಸಿನಲ್ಲಿ ಗೆಳೆಯರ ಜಮೀನು ಸಿಕ್ಕರೆ ಅಲ್ಲೇ ಒಂದು ಫೀಲ್ಡ್ ಟಾರ್ಗೆಟ್ ಪಂದ್ಯ. ಪ್ರತಿ ಸಲವೂ ಗೋಳು ಒಂದೇ. ಊರಲ್ಲಿ ಚೆನ್ನಾಗಿ ಹೊಡೆಯುವವರು ಇಲ್ಲಿಗೆ ಬಂದು ಸಾಲಾಗಿ ತಪ್ಪಿಸುತ್ತಾರೆ, ‘ಇಲ್ಲಿ ಗಾಳಿ ತೆಳು’ ಎಂದು ಷರಾ ಬರೆದು ಮನೆಗೆ ಹೋಗುತ್ತಾರೆ. ಗಾಳಿ ತೆಳು ಇರುವುದು ನಿಜ, ತಪ್ಪಿದ್ದು ಮಾತ್ರ ಅದರಿಂದಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶುರುವಾದ ಆಟ ಇದು. ಹಕ್ಕಿ, ಮೊಲದ ಆಕಾರದ ತಗಡಿನಲ್ಲಿ ಒಂದು ದುಂಡು ತೂತು, ಅದರ ಹಿಂದೆ ಒಂದು ಪಟ್ಟಿ. ಪೆಲೆಟ್, ಅಂದರೆ ಏರ್‌ಗನ್ನಿನ ಸೀಸದ ಗುಂಡು, ತೂತಿನೊಳಗೆ ಹೋಗಿ ಪಟ್ಟಿಗೆ ಬಡಿದರೆ ಟಾರ್ಗೆಟ್ ಮಗುಚುತ್ತದೆ. ತಗಡಿಗೆ ಬಡಿದರೆ ನಿಂತೇ ಇರುತ್ತದೆ, ಸೊನ್ನೆ. ತೂತಿನ ಅಗಲ ಸಾಮಾನ್ಯವಾಗಿ 15ರಿಂದ 40 ಮಿ.ಮೀ. ದೂರ ಹತ್ತಿಪ್ಪತ್ತು ಮೀಟರಿನಿಂದ 50 ಮೀಟರಿನವರೆಗೆ, ಎಷ್ಟೆಂದು ಯಾರೂ ಹೇಳುವುದಿಲ್ಲ. ಲೇಸರ್ ಅಳತೆಯ ಯಂತ್ರ ತರುವಂತಿಲ್ಲ. ಸ್ಕೋಪಿನ (ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನ) ಫೋಕಸ್ ಚಕ್ರ ತಿರುಗಿಸಿ, ಚಿತ್ರ ಎಲ್ಲಿ ಸ್ಪಷ್ಟವಾಯಿತೋ ಅಲ್ಲಿನ ಗುರುತು ಓದಿ ದೂರ ತಿಳಿಯಬೇಕು. ಬೆಟ್ಟದ ಮೇಲೆ ಕೈಕೊಡುವುದು ಇದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಗದಪತ್ರ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 0.177 ಇಂಚು ಬೋರ್ (ನಳಿಕೆಯ ಒಳ ಅಗಲ), ಪೆಲೆಟ್ ಹೊರಡುವಾಗಿನ ಶಕ್ತಿ 20 ಜೂಲ್, ಈ ಮಿತಿಯೊಳಗಿನ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಅಂತರರಾಷ್ಟ್ರೀಯ ಫೀಲ್ಡ್ ಟಾರ್ಗೆಟ್ ಮಿತಿಯೇ 16.27 ಜೂಲ್, ಹಾಗಾಗಿ ಚಿಂತೆಯಿಲ್ಲ. ಆದರೂ ಖರೀದಿ ಬಿಲ್ಲು, ಗುರುತಿನ ಚೀಟಿ ಜೊತೆಗಿರಲಿ, ಬಂದೂಕು ಚೀಲದೊಳಗಿರಲಿ. ವಾಯಿ ದಾಟಿ ಪಸರಣಿ ಘಾಟಿನಲ್ಲಿ ನಾಕಾಬಂದಿ ಇದ್ದರೆ ಹಿಂದಿನ ಸೀಟಿನಲ್ಲಿ ಬರಿ ಬಂದೂಕು ಕಂಡ ಪೊಲೀಸರಿಗೆ ಜೂಲ್ ಲೆಕ್ಕ ಒಪ್ಪಿಸಲು ಹೋಗಬೇಡಿ. ಕಾಡಂಚಿನಲ್ಲಿ ‘ಸುಮ್ನೆ ಪ್ರಾಕ್ಟೀಸ್’ ಅಂತೂ ಬೇಡವೇ ಬೇಡ. ಜಮೀನಿನ ಯಜಮಾನರ ಒಪ್ಪಿಗೆ, ಟಾರ್ಗೆಟ್ ಹಿಂದೆ ಮಣ್ಣಿನ ದಿಬ್ಬ, ಇವೆರಡೂ ಇಲ್ಲದ ಕಡೆ ಬಂದೂಕು ಚೀಲದಿಂದ ಹೊರಗೆ ಬರಬಾರದು.

ಎರಡನೆಯದು ಬಂದೂಕು. ಸ್ಪ್ರಿಂಗ್ ಗನ್ ಅಲ್ಲಿನ ಗಾಳಿಯನ್ನೇ ಒತ್ತಿ ಪೆಲೆಟ್ ತಳ್ಳುತ್ತದೆ. ಗಾಳಿ ಕಡಿಮೆಯಾದರೆ ವೇಗವೂ ಕುಸಿಯುತ್ತದೆ. ಪಿಸಿಪಿ (ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್) ಬಂದೂಕಿಗೆ ಆ ರಗಳೆ ಇಲ್ಲ, ಅದು ಸಿಲಿಂಡರಿನಲ್ಲಿ ತುಂಬಿಟ್ಟ ಗಾಳಿಯಿಂದ ಓಡುತ್ತದೆ. ಎತ್ತರದ ಪಂದ್ಯಕ್ಕೆ ನನ್ನ ಮತ ಪಿಸಿಪಿಗೇ. ಆದರೆ ಕೈಪಂಪಿನಿಂದ ಗಾಳಿ ತುಂಬುವವರು ತೋಳಿಗೆ ಕೆಲಸ ಹೆಚ್ಚು ಎಂದು ತಿಳಿದಿರಲಿ. ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲಿ ಒಂದೊಂದು ಒತ್ತಿಗೂ ಮುಂಬೈಗಿಂತ ಶೇ 15ರಷ್ಟು ಕಡಿಮೆ ಗಾಳಿ ಒಳಗೆ ಹೋಗುತ್ತದೆ. 3,500 ಮೀಟರಿನ ಲೇಹ್‌ನಲ್ಲಾದರೆ ಮುಂಬೈಯ ಒಂದೂವರೆ ಪಟ್ಟು ಒತ್ತಬೇಕು. ಊರಲ್ಲೇ ತುಂಬಿಸಿಕೊಂಡು ಬನ್ನಿ. ಪಂಪು ಬಿಗಿ ಎಂದು ಹೊಲಿಗೆ ಮಷಿನ್ ಎಣ್ಣೆ ಬಿಡುವ ಜಾಣರಿದ್ದಾರೆ. ಅಧಿಕ ಒತ್ತಡದ ಗಾಳಿಗೆ ಪೆಟ್ರೋಲಿಯಂ ಎಣ್ಣೆ ಸೇರಿದರೆ ಸ್ಫೋಟವಾಗಬಹುದು. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಸೀಲಿಗೆ ಸವರುವಷ್ಟೇ.

ಪೆಲೆಟ್ ವಿಷಯದಲ್ಲಿ ಕಂಜೂಸಿತನ ಬೇಡ. ಹೆಸರಿಲ್ಲದ ಡಬ್ಬಿಗಳಲ್ಲಿ ಬರುವವುಗಳ ಅಂಚು ಒಂದು ದುಂಡು, ಒಂದು ಚಪ್ಪಟೆ. ಬೆರಳಲ್ಲಿ ಉರುಳಿಸಿದರೇ ಗೊತ್ತಾಗುತ್ತದೆ. 0.547 ಗ್ರಾಂ ತೂಕದ ದುಂಡುತಲೆಯ ಒಳ್ಳೆ ಪೆಲೆಟ್ ಒಂದೇ ಬ್ಯಾಚಿನದು ತಂದು, ಬೆಟ್ಟದ ಮೇಲೆಯೇ ಕ್ರೋನೋಗ್ರಾಫಿನಲ್ಲಿ ವೇಗ ನೋಡಿ. ಈ ತೂಕಕ್ಕೆ ಸೆಕೆಂಡಿಗೆ 244 ಮೀಟರ್ ಸರಿಸುಮಾರು ಮಿತಿ, 240ರ ಹತ್ತಿರ ಇದ್ದರೆ ಕ್ಷೇಮ. ವೇಗ ಊರಿನಷ್ಟೇ ಇದೆ ಎಂದಾದರೆ ಬಂದೂಕನ್ನು ಅನುಮಾನಿಸುವುದು ಬಿಡಿ.

ಇನ್ನು ಗಾಳಿಯ ಲೆಕ್ಕ. 240 ಮೀಟರ್ ವೇಗದ ಆ ಪೆಲೆಟ್ ಸಮುದ್ರಮಟ್ಟದಲ್ಲಿ 50 ಮೀಟರ್ ಹೋಗುವಷ್ಟರಲ್ಲಿ ನಳಿಕೆಯ ನೇರದಿಂದ ಸುಮಾರು 25 ಸೆಂ.ಮೀ. ಕೆಳಗಿಳಿಯುತ್ತದೆ. ಮಹಾಬಳೇಶ್ವರದಲ್ಲಿ ತಡೆ ಕಡಿಮೆ, ಆದ್ದರಿಂದ ಆರು ಮಿ.ಮೀ. ಆಸುಪಾಸು ಮೇಲೆ ಬಡಿಯುತ್ತದೆ. ಇಷ್ಟೇ. ಬೆಳಗಿನ ಚಳಿ ಗಾಳಿಯನ್ನು ಮತ್ತೆ ದಟ್ಟ ಮಾಡುವುದರಿಂದ ಅದರಲ್ಲೂ ಒಂದಷ್ಟು ವಜಾ. ಲೇಹ್‌ನಲ್ಲೂ ಒಂದೂವರೆ ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು. ಅದೇ 50 ಮೀಟರಿನ ಟಾರ್ಗೆಟ್ಟನ್ನು 45 ಎಂದು ಓದಿದಿರೋ, ಪೆಲೆಟ್ ಎರಡು ಸೆಂಟಿಮೀಟರಿಗೂ ಹೆಚ್ಚು ಕೆಳಗೆ. 40 ಮಿ.ಮೀ. ತೂತಿನ ನಡುವಿಗೆ ಗುರಿಯಿಟ್ಟರೂ ತಗಡಿಗೇ ಹೊಡೆತ.

ಡೊಂಬಿವಲಿಯಿಂದ ಬಂದ ಹುಡುಗನೊಬ್ಬ ಪೆಲೆಟ್ ಮೇಲಕ್ಕೆ ಹೋಗ್ತಾ ಉಂಟು ಎಂದು ಪೇಚಾಡುತ್ತಿದ್ದ. ಹೋಗಿ ತಗಡು ನೋಡಿದರೆ ಹೊಸ ಹಳದಿ ಬಣ್ಣದ ಮೇಲೆ, ತೂತಿನ ಕೆಳಗಂಚಿನಿಂದ ಬೆರಳಗಲ ಆಚೆ, ಸೀಸದ ಬೂದು ಕಲೆಗಳು ಗುಂಪಾಗಿ ಕೂತಿವೆ. ‘ಮೇಲೆ ಎಲ್ಲುಂಟು ಮಾರಾಯ, ಎಲ್ಲ ಕೆಳಗೇ ಉಂಟಲ್ಲ’ ಎಂದೆ. ‘ಹಾಗಾದ್ರೆ ಗಾಳಿ ಅಲ್ವಾ ಅಣ್ಣ?’ ಅಲ್ಲ. ತೆಳು ಗಾಳಿಯಲ್ಲಿ ಪೆಲೆಟ್ ಮೇಲೆ ಬಡಿಯಬೇಕು. ಕೆಳಗೆ ಬಡಿದರೆ ದೂರ ಓದಿದ್ದರಲ್ಲಿ ತಪ್ಪಿದೆ, ಇಲ್ಲವೇ ಸ್ಪ್ರಿಂಗ್ ಗನ್ನಿನ ವೇಗ ಬಿದ್ದಿದೆ. ಅವನದು ಪಿಸಿಪಿ.

ದೂರ ತಪ್ಪಾಗಿ ಓದಲು ಕಾರಣ ಉಷ್ಣಾಂಶ. ಹೆಚ್ಚು ಪವರಿನ ಸ್ಕೋಪಿನಲ್ಲಿ ಗಾಜು, ಲೋಹ ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುತ್ತವೆ. ಮುಂಬೈಯ 30 ಡಿಗ್ರಿಯಲ್ಲಿ ‘45’ ಎಂದು ಬರೆದ ಗೆರೆ ಇಲ್ಲಿನ 12 ಡಿಗ್ರಿಯಲ್ಲಿ 45 ಆಗಿ ಉಳಿಯುವುದಿಲ್ಲ. ಯಾವ ಕಡೆಗೆ ಎಷ್ಟು ಸರಿಯುತ್ತದೆ ಎಂಬುದು ಒಂದೊಂದು ಸ್ಕೋಪಿಗೆ ಒಂದೊಂದು ಥರ. ಗೆಳೆಯನ ಲೆಕ್ಕ ನಿಮಗೆ ಹೊಂದದು. ಚಕ್ರದ ಮೇಲೆ 10 ಮತ್ತು 15ರ ಗೆರೆಗಳ ನಡುವೆ ಬೇಕಾದಷ್ಟು ಜಾಗ, 45 ಮತ್ತು 50ರ ನಡುವೆ ಕೆಲವೇ ಮಿಲಿಮೀಟರ್. ಪೆಟ್ಟು ಬೀಳುವುದು ಅಲ್ಲಿಯೇ.

ಹಾಗಾಗಿ ಹಿಂದಿನ ದಿನವೇ ಹೋಗಿ ಹೀಗೆ ಮಾಡಿ. ಬಂದೂಕನ್ನು ಕಾರಿನ ಡಿಕ್ಕಿಯಿಂದ ತೆಗೆದು ನೆರಳಿನಲ್ಲಿ ಒಂದು ಗಂಟೆ ಇಡಿ. ಕಾರಿನಿಂದ ಇಳಿಸಿದ ಕೂಡಲೇ ಝೀರೋ ಮಾಡುವವರು (ಸ್ಕೋಪಿನ ಗುರಿಯನ್ನು ಪೆಲೆಟ್ ಬಡಿಯುವ ಜಾಗಕ್ಕೆ ಹೊಂದಿಸುವವರು) ಡಿಕ್ಕಿಯ ಉಷ್ಣಾಂಶಕ್ಕೆ ಝೀರೋ ಮಾಡುತ್ತಿದ್ದಾರೆ, ಬೆಟ್ಟಕ್ಕಲ್ಲ. ಮೊದಲು ಕಣ್ಣಿನ ಬದಿಯ ಫೋಕಸ್: ಸ್ಕೋಪನ್ನು ಸೂರ್ಯ ಇಲ್ಲದ ಕಡೆ ಖಾಲಿ ಆಕಾಶಕ್ಕೆ ಹಿಡಿದು, ಕಣ್ಣು ಮುಚ್ಚಿ ತೆರೆದ ತಕ್ಷಣ ಅಡ್ಡಗೆರೆ ಚೂಪಾಗಿ ಕಾಣುವಂತೆ ತಿರುಗಿಸಿ. ದಿಟ್ಟಿಸಬೇಡಿ, ಕಣ್ಣು ತಾನೇ ಹೊಂದಿಕೊಂಡು ನಿಮಗೆ ಮೋಸ ಮಾಡುತ್ತದೆ. ಆಮೇಲೆ ಟೇಪಿನಿಂದ ನೆಲ ಅಳೆದು 10ರಿಂದ 30ರವರೆಗೆ ಐದೈದು ಮೀಟರಿಗೆ, 30ರ ಮೇಲೆ ಎರಡೆರಡು ಮೀಟರಿಗೆ ಗೂಟ ಹೊಡೆಯಿರಿ. ಹೆಜ್ಜೆ ಲೆಕ್ಕ ನಡೆಯದು.

ಸ್ಕೋಪ್ ಪೂರ್ತಿ ಪವರಿನಲ್ಲಿರಲಿ. ಚಕ್ರವನ್ನು ಸದಾ ಒಂದೇ ದಿಕ್ಕಿನಿಂದ ತನ್ನಿ. ಹತ್ತಿರದಿಂದ ದೂರಕ್ಕೆ ಎಂದಾದರೆ ಪಂದ್ಯದಲ್ಲೂ ಹಾಗೇ. ದಾಟಿ ಹೋದರೆ ಹಿಂದಕ್ಕೆ ಎಳೆಯಬೇಡಿ, ಮೊದಲಿನಿಂದ ಬನ್ನಿ, ಏಕೆಂದರೆ ಗೇರಿನ ಸಡಿಲದಲ್ಲಿ ಒಂದೆರಡು ಮೀಟರ್ ಮಾಯವಾಗುತ್ತದೆ. ಫೋಕಸ್ ಮಾಡುವಾಗ ಕಪ್ಪು ತೂತನ್ನು ನೋಡಬೇಡಿ. ತಗಡಿನ ಬುಡದ ಹುಲ್ಲಿನ ಎಸಳು, ಮಗುಚಿದ ಟಾರ್ಗೆಟ್ಟನ್ನು ಎಬ್ಬಿಸುವ ದಾರದ ಗಂಟು, ಪೆಲೆಟ್ ಬಿದ್ದು ಎದ್ದ ಬಣ್ಣದ ಚಕ್ಕೆ ಚೂಪಾಗಿ ಕಂಡರೆ ಸಾಕು. ಪ್ರತಿ ಗೂಟಕ್ಕೂ ಮೂರು ಸಲ ಓದಿ, ಮೂರೂ ಬೇರೆ ಬೇರೆ ಬಂದರೆ ಇನ್ನೆರಡು ಸಲ. ಗೆರೆ ಎಳೆಯಲು ಬಿಳಿ ಮಾಸ್ಕಿಂಗ್ ಟೇಪು, ಅದರ ಮೇಲೆ ಉಷ್ಣಾಂಶವನ್ನೂ ಬರೆಯಿರಿ. ಬೆಳಿಗ್ಗೆ ಏಳಕ್ಕೆ ಒಂದು ಪಟ್ಟಿ, ಬಿಸಿಲೇರಿದ ಮೇಲೆ ಹನ್ನೆರಡಕ್ಕೆ ಇನ್ನೊಂದು. ಎರಡು ಪಟ್ಟಿ ಅಕ್ಕಪಕ್ಕ ಅಂಟಿಸಿದಾಗಲೇ ನಿಮ್ಮ ಸ್ಕೋಪ್ ಎಷ್ಟು ಸರಿಯುತ್ತದೆ ಎಂದು ಕಾಣುವುದು. ಪಂದ್ಯದ ದಿನ ಸ್ಕೋಪಿನ ಪಕ್ಕದಲ್ಲೊಂದು ಸಣ್ಣ ಥರ್ಮಾಮೀಟರ್ ಅಂಟಿಸಿ, ಕಾಯುವಾಗ ಬಂದೂಕಿನ ಮೇಲೆ ಛತ್ರಿ ಹಿಡಿಯಿರಿ. ನಿಮ್ಮ ತಲೆ ಸುಟ್ಟರೂ ಪರವಾಗಿಲ್ಲ.

ಅಗ್ಗದ ಸ್ಕೋಪಿನ ಬಗ್ಗೆ ಕೇಳುತ್ತಾರೆ. ಡಬ್ಬಿಯ ಮೇಲೆ 24 ಪಟ್ಟು ಎಂದು ದಪ್ಪಕ್ಷರ ಇರುತ್ತದೆ, ಪೂರ್ತಿ ಪವರಿಗೆ ಹೋದರೆ ಚಿತ್ರ ಮಜ್ಜಿಗೆ. 30 ಮೀಟರಿನ ಆಚೆ ಎಲ್ಲವೂ ಒಂದೇ ಥರ ಸ್ಪಷ್ಟ, ಅರ್ಥಾತ್ ಎಲ್ಲವೂ ಒಂದೇ ಥರ ಅಸ್ಪಷ್ಟ. ಬಂದೂಕಿಗಿಂತ ಸ್ಕೋಪಿಗೆ ಹೆಚ್ಚು ದುಡ್ಡು ಹಾಕಿ ಎಂಬುದೇ ನನ್ನ ಹಠ.

ದೂರದ ಪಟ್ಟಿ ಆದ ಮೇಲೆ ಪ್ರತಿ ಗೂಟಕ್ಕೂ ಗುಂಡು ಹಾರಿಸಿ ಟರೆಟ್ಟಿನ (ಗುರಿಯನ್ನು ಮೇಲೆ ಕೆಳಗೆ ಸರಿಸುವ ಸ್ಕೋಪಿನ ಗುಂಡಿಯ) ಕ್ಲಿಕ್ಕು ಒಂದು ಕಾರ್ಡಿನಲ್ಲಿ ಬರೆದುಕೊಳ್ಳಿ. ಮೊಬೈಲ್ ಆ್ಯಪ್ ಕೊಟ್ಟ ಸಂಖ್ಯೆ ಆರಂಭಕ್ಕೆ ಸರಿ, ಕೊನೆಯ ಮಾತಲ್ಲ. ಗಾಳಿಯ ಆರು ಮಿ.ಮೀ. ಈ ಹಂತದಲ್ಲಿ ತಾನಾಗಿಯೇ ಕಾರ್ಡಿನೊಳಗೆ ಸೇರಿಹೋಗುತ್ತದೆ, ಅದಕ್ಕೆ ಬೇರೆ ಪೂಜೆ ಬೇಡ.

ಇಳಿಜಾರಿನ ಟಾರ್ಗೆಟ್ ಎದುರಾದರೆ ಸ್ಕೋಪ್ ಹೇಳುವುದು ಓರೆ ದೂರ, ನಿಮಗೆ ಬೇಕಾದದ್ದು ನೆಲದ ಅಡ್ಡ ದೂರ. 30 ಡಿಗ್ರಿ ಓರೆಯಲ್ಲಿ 40 ಮೀಟರ್ ಓದಿದರೆ ಕ್ಲಿಕ್ಕು ಸುಮಾರು 35ರದ್ದು. ಮೇಲಕ್ಕಾದರೂ ಕೆಳಕ್ಕಾದರೂ ಇದೇ ಲೆಕ್ಕ.

ಬೀಸುಗಾಳಿ ಇಲ್ಲಿ ಒಂದು ಉಪಕಾರ ಮಾಡುತ್ತದೆ, ಒಂದು ಅಪಕಾರ. ಸೆಕೆಂಡಿಗೆ ಮೂರು ಮೀಟರಿನ ಅಡ್ಡಗಾಳಿಗೆ ಮುಂಬೈಯಲ್ಲಿ 50 ಮೀಟರಿನಲ್ಲಿ ಎಂಟು ಸೆಂ.ಮೀ. ಸರಿಯುವ ಪೆಲೆಟ್ ಇಲ್ಲಿ ಏಳರ ಹತ್ತಿರ ನಿಲ್ಲುತ್ತದೆ. ಆದರೆ ಬಿಸಿಲೇರಿದಂತೆ ಕಣಿವೆಯ ಗಾಳಿ ಮೇಲಕ್ಕೇರುತ್ತದೆ. ಪಾಂಚ್‌ಗಣಿಯಲ್ಲಿ, ಕಾಮ್‌ಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ನಡೆಯುವುದು ಇದೇ ಗಾಳಿಯಿಂದ. ಬಂಡೆಯಂಚಿನ ಲೇನ್ (ಕೂತು ಹೊಡೆಯುವ ಜಾಗ) ಸಿಕ್ಕರೆ ಕೈ ಹತ್ತಿರದ ಹುಲ್ಲನ್ನಷ್ಟೇ ನೋಡಬೇಡಿ, ಟಾರ್ಗೆಟ್ ಎಬ್ಬಿಸುವ ದಾರ ಉದ್ದಕ್ಕೂ ಹೇಗೆ ಅಲುಗುತ್ತದೆ ಎಂದು ಸ್ಕೋಪಿನಲ್ಲಿ ನೋಡಿ. ಅದಕ್ಕಿಂತ ಒಳ್ಳೆಯ ಬಾವುಟ ಇಲ್ಲ.

ಕೂತು ಹೊಡೆಯುವುದು, ಮಂಡಿಯೂರಿ, ನಿಂತು ಹೊಡೆಯುವುದು ಎಲ್ಲ ಊರಿನಂತೆಯೇ. ಲೇಹ್‌ಗೆ ಹೋಗುವವರು ಮಾತ್ರ ಮೊದಲ ಎರಡು ದಿನ ಬಂದೂಕು ಮುಟ್ಟದೆ ಸುಮ್ಮನೆ ಮಲಗಿ. ಸೀಸ ಮುಟ್ಟಿದ ಕೈಯಲ್ಲಿ ವಡಾಪಾವ್ ತಿನ್ನಬೇಡಿ, ಸೋಪಿನಿಂದ ತೊಳೆದುಕೊಳ್ಳಿ. ಘಟ್ಟ ಇಳಿದ ಮೇಲೆ ಬೆಟ್ಟದ ಟೇಪನ್ನು ಚಕ್ರದಿಂದ ಕಿತ್ತು, ಉಷ್ಣಾಂಶದ ಬರಹ ಸಮೇತ ಡೈರಿಯಲ್ಲಿ ಅಂಟಿಸಿಡಿ. ಚಕ್ರದ ಮೇಲೆಯೇ ಬಿಟ್ಟರೆ ಮುಂದಿನ ವಾರ ಠಾಣೆಯಲ್ಲಿ ಕೂತು ಮುಂಬೈಯ ಗಾಳಿಯನ್ನು ಬೈಯುತ್ತೀರಿ.