ಕುಟುಕು ಕೈಗೆ ತಟ್ಟಬೇಕು: ಕಡಿಮೆ ದುಡ್ಡಿನಲ್ಲಿ ಒಳ್ಳೆ ಗಾಳದ ರಾಡ್ ಆರಿಸುವುದು

ಅಂಗಡಿಯಲ್ಲಿ ‘ಬಾಸ್ ರಾಡ್’ ಎಂದು ಚೀಟಿ ಅಂಟಿಸಿಟ್ಟ ರಾಡುಗಳು ಅಮೆರಿಕದ ಕೆರೆಗಳ ಬಾಸ್ ಮೀನಿಗೆಂದು ರೂಪಿಸಿದವು. ಆ ಮೀನು ಕೃಷ್ಣೆಯಲ್ಲೂ ಇಲ್ಲ, ಘಟಪ್ರಭೆಯಲ್ಲೂ ಇಲ್ಲ. ಆದರೂ ಆ ರಾಡು ನಮ್ಮ ಕೊರವ ಮೀನಿಗೆ, ಮರಲ್ ಎಂದು ಕರೆಯುವುದೂ ಇದನ್ನೇ, ಚೆನ್ನಾಗಿ ಒಗ್ಗುತ್ತದೆ. ಎರಡೂ ಕಳೆಯ ಮರೆಯಲ್ಲಿ, ಮುಳುಗಿದ ಬೊಡ್ಡೆಯ ಪಕ್ಕದಲ್ಲಿ ಹೊಂಚು ಹಾಕಿ ಎರಗುವ ಜಾತಿಯವು. ಹಾಗಾಗಿ ಹೆಸರು ನೋಡಿ ಹಿಂದೆ ಸರಿಯಬೇಡಿ.

ಮೊದಲು ಒಂದು ಲೆಕ್ಕ. ಮೀನಿನ ಸಣ್ಣ ಕುಟುಕನ್ನೂ ಕೈಗೆ ಮುಟ್ಟಿಸುವ ಸೂಕ್ಷ್ಮ ರಾಡ್ ನಿಮಗೆ ಬೇಕೇ ಬೇಕೇ? ಕಳೆಯ ಮೇಲೆ ರಬ್ಬರ್ ಕಪ್ಪೆ ಕುಣಿಸಿ ಕೊರವ ಹಿಡಿಯುವವರಿಗೆ ಬೇಡ. ಅಲ್ಲಿ ಮೀನು ಎರಗಿದ್ದು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಬೇಕಾಗಿರುವುದು ಕಳೆಯೊಳಗಿಂದ ಮೀನನ್ನು ಎಳೆದು ತರುವ ಗಟ್ಟಿತನ. ತೇಲುಬೆಂಡು ಕಟ್ಟಿ ರೋಹು, ಜಿಲೇಬಿ ಮೀನು ಹಿಡಿಯುವವರಿಗೂ ಬೇಡ, ಅವರ ಕಣ್ಣು ಬೆಂಡಿನ ಮೇಲೆಯೇ ಇರುತ್ತದೆ. ಈ ಎರಡು ಗುಂಪಿನವರು ರಾಡಿಗೆ ಹೆಚ್ಚು ಸುರಿಯದೆ ಉಳಿದ ದುಡ್ಡು ರೀಲಿಗೆ ಹಾಕಲಿ.

ಬೇಕಾಗುವುದು ನೀರಿನ ತಳದಲ್ಲಿ ಗಾಳ ಎಳೆಯುವವರಿಗೆ. ಆಲಮಟ್ಟಿ, ಹಿಡಕಲ್, ನವಿಲುತೀರ್ಥದ ಹಿನ್ನೀರಿನಲ್ಲಿ ಹತ್ತು-ಹದಿನೈದು ಅಡಿ ಆಳಕ್ಕೆ ಜಿಗ್ (ತಲೆಗೆ ಭಾರ ಕೂರಿಸಿದ ಗಾಳ) ಅಥವಾ ರಬ್ಬರ್ ಹುಳು ಇಳಿಸಿದಾಗ ಕಣ್ಣಿಗೆ ಏನೂ ಕೆಲಸವಿಲ್ಲ. ತಳದಲ್ಲಿ ಎರೆಮಣ್ಣಿದೆಯೋ, ಕಲ್ಲಿದೆಯೋ, ಮುಳುಗಿದ ಜಾಲಿಯ ಬೊಡ್ಡೆಯೋ ಎಂದು ಕೈಗೇ ಗೊತ್ತಾಗಬೇಕು. ಎರೆಮಣ್ಣು ಜಿಗುಟಾಗಿ ಎಳೆಯುತ್ತದೆ, ಕಲ್ಲು ಟಕಟಕ ಎನ್ನುತ್ತದೆ, ಬೊಡ್ಡೆ ಸ್ವಲ್ಪ ಹಿಡಿದು ಥಟ್ಟನೆ ಬಿಡುತ್ತದೆ. ಮೀನಿನ ಕುಟುಕು ಇದ್ಯಾವುದರಂತೆಯೂ ಇರುವುದಿಲ್ಲ: ಒಂದೇ ಸಣ್ಣ ‘ಟಿಕ್’, ಆಮೇಲೆ ದಾರ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಗಾಳದ ಭಾರವೇ ಮಾಯವಾದಂತಾಗುತ್ತದೆ. ಆ ‘ಟಿಕ್’ ತಪ್ಪಿದರೆ ಮೀನು ರಬ್ಬರನ್ನು ಉಗುಳಿ ಹೋಗಿರುತ್ತದೆ.

ಸೂಕ್ಷ್ಮತೆ ಬರುವುದು ಎಲ್ಲಿಂದ

ತುದಿ ಹಗುರಾಗಿರಬೇಕು, ರಾಡ್ ಬಿಗಿಯಾಗಿರಬೇಕು. ಮುಖ್ಯವಾದದ್ದು ಇಷ್ಟೇ. ಮೀನಿನ ಸಣ್ಣ ಕುಟುಕು ಮೊದಲು ರಾಡಿನ ತುದಿಯನ್ನು ಅಲುಗಿಸಬೇಕು. ತುದಿ ಭಾರವಿದ್ದರೆ ಆ ಶಕ್ತಿ ಅಲ್ಲೇ ಸತ್ತುಹೋಗುತ್ತದೆ. ಕೈಯಿಂದ ದೂರ ಹೋದಷ್ಟೂ ಒಂದೊಂದು ಗ್ರಾಂ ಹೆಚ್ಚು ತೂಗುವುದರಿಂದ ಹಿಡಿಕೆಯ ಹತ್ತಿರದ ಇಪ್ಪತ್ತು ಗ್ರಾಂಗಿಂತ ತುದಿಯ ಎರಡು ಗ್ರಾಂ ಹೆಚ್ಚು ಕಾಡುತ್ತದೆ.

ಗಾಜಿನ ನಾರಿನ ರಾಡ್, ಅಂದರೆ ಫೈಬರ್‌ಗ್ಲಾಸ್, ಬಗ್ಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ, ಆದರೆ ಭಾರ ಮತ್ತು ಮಂದ. ಕಾರ್ಬನ್ ಹಗುರ, ಬಿಗಿ, ಸುದ್ದಿ ಬೇಗ ಮುಟ್ಟಿಸುತ್ತದೆ. ಪೆಟ್ಟು ಮಾತ್ರ ತಾಳುವುದಿಲ್ಲ. ಎರಡನ್ನೂ ಬೆರೆಸಿದ ಕಾಂಪೋಸಿಟ್ ರಾಡ್ ನಡುವೆ ನಿಲ್ಲುತ್ತದೆ. ಶೇಕ್ಸ್‌ಪಿಯರ್ ಕಂಪನಿಯ ‘ಅಗ್ಲಿ ಸ್ಟಿಕ್’ ಈ ಬೆರಕೆ ಜಾತಿಯದು, ಗಟ್ಟಿತನಕ್ಕೆ ಹೆಸರುವಾಸಿ. ಮಕ್ಕಳ ಕೈಗೆ ಕೊಡಲು, ಬೈಕಿನ ಹಿಂದೆ ಕಟ್ಟಿಕೊಂಡು ಹೋಗಲು ಅದೇ ಸರಿ. ತಳ ಓದಲು ಅದಲ್ಲ.

ಚೀಟಿಯ ಮೇಲಿನ ಐಎಂ6, ಐಎಂ7, ಐಎಂ8 ನೋಡಿ ಮರುಳಾಗಬೇಡಿ. ಇವು ಹೆಕ್ಸೆಲ್ ಎಂಬ ಒಂದು ಕಂಪನಿಯ ನಾರಿನ ಹೆಸರುಗಳು. ಎಲ್ಲ ರಾಡ್ ತಯಾರಕರೂ ಒಪ್ಪಿಕೊಂಡ ಅಳತೆಯಂತೂ ಅಲ್ಲ. 24 ಟನ್, 30 ಟನ್, 40 ಟನ್ ಎಂಬುದು ನಾರಿನ ಬಿಗಿತ ಹೇಳುತ್ತದೆ. ಟನ್ ಹೆಚ್ಚಾದಷ್ಟೂ ಕಡಿಮೆ ನಾರಿನಲ್ಲಿ ಅಷ್ಟೇ ಬಿಗಿತ ಸಿಗುತ್ತದೆ, ರಾಡ್ ತೆಳುವಾಗುತ್ತದೆ, ಹಾಗೆಯೇ ಸುಲಭಕ್ಕೆ ಒಡೆಯುತ್ತದೆ. ಕಡಿಮೆ ಬಜೆಟ್ಟಿನಲ್ಲಿ 24 ಅಥವಾ 30 ಟನ್ ಸಾಕು. ಅಗ್ಗದ ರಾಡಿನ ಮೇಲೆ 40 ಟನ್ ಎಂದು ಬರೆದಿದ್ದರೆ ಎಲ್ಲೋ ಒಂದು ಪದರ ಆ ನಾರಿನದು ಇರಬಹುದು, ಅಷ್ಟೇ.

ಚೀಟಿ ಓದುವ ಬಗೆ

‘ಎಸ್ 662 ಎಂ’ ಎಂದು ಬರೆದಿದ್ದರೆ: ಎಸ್ ಎಂದರೆ ರಾಡಿನ ಕೆಳಗೆ ತೂಗುವ ಸ್ಪಿನ್ನಿಂಗ್ ರೀಲಿನ ರಾಡ್ (ಸಿ ಎಂದಿದ್ದರೆ ರೀಲು ಮೇಲೆ ಕೂರುವ ಬೇಟ್‌ಕಾಸ್ಟಿಂಗ್), 66 ಎಂದರೆ 6 ಅಡಿ 6 ಇಂಚು, 2 ಎಂದರೆ ಎರಡು ತುಂಡು, ಎಂ ಎಂದರೆ ಮೀಡಿಯಂ ಬಲ. ಬಲ ಬೇರೆ, ಬಾಗುವ ರೀತಿ ಬೇರೆ. ಬಲವೆಂದರೆ ಎಷ್ಟು ಭಾರಕ್ಕೆ ರಾಡ್ ಬಗ್ಗುತ್ತದೆ ಎಂಬುದು. ಬಾಗುವ ರೀತಿ, ಅಂದರೆ ಆ್ಯಕ್ಷನ್, ಎಲ್ಲಿಂದ ಬಗ್ಗುತ್ತದೆ ಎಂಬುದು. ‘ಫಾಸ್ಟ್’ ಎಂದರೆ ಮೇಲಿನ ಮೂರನೇ ಒಂದು ಭಾಗ ಮಾತ್ರ ಬಾಗಿ ಕೆಳಗೆ ಸೆಟೆದು ನಿಲ್ಲುತ್ತದೆ. ‘ಸ್ಲೋ’ ಎಂದರೆ ಹಸಿ ಬರಲಿನಂತೆ ಹಿಡಿಕೆಯವರೆಗೂ ಬಾಗುತ್ತದೆ.

ತಳದ ಗಾಳಕ್ಕೆ ನಮ್ಮ ಶಿಫಾರಸು: 6 ಅಡಿ 6 ಇಂಚಿನಿಂದ 7 ಅಡಿ, ಮೀಡಿಯಂ ಬಲ, ಫಾಸ್ಟ್ ಆ್ಯಕ್ಷನ್, 7ರಿಂದ 21 ಗ್ರಾಂ ಲೂರ್ (ಕೃತಕ ಆಮಿಷ) ಎಸೆಯುವಂಥದ್ದು. ಬೊಡ್ಡೆ ಹೆಚ್ಚಿರುವ ಕಡೆ, ಉದಾಹರಣೆಗೆ ಹಳೆ ಬಾಗಲಕೋಟೆ ಸುತ್ತಿನ ಹಿನ್ನೀರಿನಲ್ಲಿ, ಮೀಡಿಯಂ ಹೆವಿ ತಗೊಳ್ಳಿ. ಸೂಕ್ಷ್ಮತೆ ಸ್ವಲ್ಪ ಕಡಿಮೆಯಾದರೂ ಅಲ್ಲಿ ಮೀನನ್ನು ಮೊದಲ ಎಳೆತಕ್ಕೇ ಬೊಡ್ಡೆಯಿಂದ ತಿರುಗಿಸದಿದ್ದರೆ ಮೀನೂ ಇಲ್ಲ, ದಾರವೂ ಇಲ್ಲ.

ಟೆಲಿಸ್ಕೋಪಿಕ್ ರಾಡ್ ಬೇಡ. ಚೀಲದಲ್ಲಿ ಹಿಡಿಸುತ್ತದೆ, ಅಗ್ಗಕ್ಕೆ ಸಿಗುತ್ತದೆ, ರೀಲು ದಾರ ಡಬ್ಬಿ ಎಲ್ಲ ಸೇರಿದ ಕಿಟ್ಟಿನಲ್ಲಿ ಬರುತ್ತದೆ, ಹೀಗಾಗಿಯೇ ಹೊಸಬರು ಅದಕ್ಕೇ ಬೀಳುತ್ತಾರೆ. ಐದಾರು ಕೊಳವೆಗಳು ಒಂದರೊಳಗೊಂದು ಸಿಕ್ಕಿಸಿದ್ದರಿಂದ ಪ್ರತಿ ಕೀಲಿನಲ್ಲೂ ಮಿಡಿತ ಸೋರಿಹೋಗುತ್ತದೆ. ದಾರ ಹಾಯುವ ಉಂಗುರಗಳು ಕೊಳವೆಯ ತುದಿಗಳಲ್ಲಿ ಮಾತ್ರ ಇರುವುದರಿಂದ ನಡುವೆ ದಾರ ರಾಡಿಗೆ ತಾಗುತ್ತದೆ. ಕೀಲಿನೊಳಗೆ ಮರಳು ಹೊಕ್ಕರೆ ಒಂದೋ ಮುಚ್ಚುವುದಿಲ್ಲ, ಇಲ್ಲವೇ ಎಸೆದಾಗ ಕೀಲು ಜಾರುತ್ತದೆ. ಎರಡು ತುಂಡಿನ ರಾಡ್ ಬಸ್ಸಿಗೂ ಆಗುತ್ತದೆ, ಸೂಕ್ಷ್ಮತೆಯಲ್ಲಿ ಒಂದೇ ತುಂಡಿನದಕ್ಕಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು

ನಿಮ್ಮ ರೀಲು ಜೊತೆಗೆ ಒಯ್ಯಿರಿ. ಬರಿ ರಾಡ್ ಹಿಡಿದು ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಒಂದು ಚೂರು ಹತ್ತಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ.

ತೂಕದಿಂದ ಶುರು ಮಾಡಿ. ಆರೂವರೆ ಅಡಿಯ ಮೀಡಿಯಂ ಕಾರ್ಬನ್ ರಾಡ್ 130 ಗ್ರಾಂ ಒಳಗಿದ್ದರೆ ಒಳ್ಳೆಯದು. 170 ದಾಟಿದರೆ ಅದರಲ್ಲಿ ಗಾಜು ಹೆಚ್ಚಿದೆ ಎಂದೇ ಲೆಕ್ಕ, ಚೀಟಿ ಏನೇ ಹೇಳಲಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು ಇದಕ್ಕೆ.

ಆಮೇಲೆ ಜೋಡಿಸಿ, ರೀಲು ಕೂರಿಸಿ, ರೀಲಿನ ಕಾಲಿನ ಮುಂದೆ ಒಂದು ಬೆರಳಿನ ಮೇಲಿಟ್ಟು ತೂಗಿ. ತುದಿ ಧೊಪ್ಪನೆ ಕೆಳಗೆ ಬಿದ್ದರೆ ದಿನವಿಡೀ ಮಣಿಕಟ್ಟು ಅದನ್ನು ಎತ್ತಿ ಹಿಡಿಯಬೇಕು. ಬಿಗಿದ ಕೈಗೆ ಕುಟುಕು ತಿಳಿಯುವುದಿಲ್ಲ. 2500 ಅಳತೆಯ, 250 ಗ್ರಾಂ ಆಸುಪಾಸಿನ ರೀಲು ಈ ಉದ್ದದ ರಾಡಿಗೆ ಹೊಂದುತ್ತದೆ.

ಮೂರನೆಯದು ಅಲುಗಾಟ. ಹಿಡಿಕೆ ಹಿಡಿದು ಒಮ್ಮೆ ಝಾಡಿಸಿ ನಿಲ್ಲಿಸಿ, ತುದಿ ಎಷ್ಟು ಬೇಗ ಸುಮ್ಮನಾಗುತ್ತದೆ ನೋಡಿ. ಎರಡು-ಮೂರು ಸಲ ಅಲುಗಿ ನಿಂತರೆ ಸರಿ. ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಓಲಾಡುತ್ತಲೇ ಇದ್ದರೆ ಅಂಥ ರಾಡಿನಲ್ಲಿ ಎಲ್ಲ ಸುದ್ದಿಯೂ ಕಲಸುಮೇಲೋಗರ.

ಗಂಟಲಿನ ಪರೀಕ್ಷೆ ನೋಡಿದವರಿಗೆ ನಗು ತರಿಸುತ್ತದೆ, ಆದರೆ ಇದಕ್ಕಿಂತ ಚುರುಕಾದದ್ದು ಅಂಗಡಿಯಲ್ಲಿ ಬೇರೆ ಇಲ್ಲ. ಜೊತೆಯವರು ರಾಡಿನ ತುದಿಯನ್ನು ಗಂಟಲಿಗೆ ಮೆಲ್ಲಗೆ ತಾಗಿಸಿ ಮಾತಾಡಲಿ, ನೀವು ಹಿಡಿಕೆ ಹಿಡಿದು ಕಣ್ಣು ಮುಚ್ಚಿ. ಒಳ್ಳೆ ರಾಡಿನಲ್ಲಿ ಮಾತಿನ ಗುಂಯ್‌ಗಾಟ ಬೆರಳಿಗೆ ತಿಳಿಯುತ್ತದೆ. ಒಂದೇ ದರದ ಎರಡು-ಮೂರು ರಾಡುಗಳಲ್ಲಿ ಒಬ್ಬರೇ ಒಂದೇ ಮಾತು ಹೇಳಬೇಕು, ಇಲ್ಲದಿದ್ದರೆ ಹೋಲಿಕೆ ಸುಳ್ಳಾಗುತ್ತದೆ.

ಉಂಗುರಗಳೊಳಗೆ ಹತ್ತಿ ತಿರುಗಿಸಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಒಳಬಳೆ ಬಿರುಕು ಬಿಟ್ಟಿದೆ, ನಿಮ್ಮ ದಾರ ಅಲ್ಲೇ ಕಡಿಯುತ್ತದೆ. ಅಲ್ಯುಮಿನಿಯಂ ಆಕ್ಸೈಡ್ ಒಳಬಳೆ ಇದ್ದರೆ ಈ ದರಕ್ಕೆ ಸಾಕು. ಉಂಗುರಗಳ ಸಂಖ್ಯೆ ಅಡಿಯ ಲೆಕ್ಕಕ್ಕೆ ಹತ್ತಿರವಿರಬೇಕು, ಏಳು ಅಡಿಗೆ ಏಳೆಂಟು. ನಾಲ್ಕೈದೇ ಇದ್ದರೆ ಬಿಟ್ಟುಬಿಡಿ. ಹಿಡಿಕೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಎಲ್ಲ ಉಂಗುರಗಳೂ ಒಂದೇ ಸಾಲಿನಲ್ಲಿರಬೇಕು.

ಜೋಡಣೆಯ ಕೀಲು ಕಟಕಟ ಎನ್ನಬಾರದು. ರೀಲಿನ ಆಸನದಲ್ಲಿ ರೀಲು ಬಿಗಿದ ಮೇಲೆ ಅಲ್ಲಾಡಿದರೆ ಬೇಡ, ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ. ಆಸನದ ತಳದಲ್ಲಿ ಕಿಂಡಿ ಬಿಟ್ಟು ಕಾರ್ಬನ್ನೇ ಬೆರಳಿಗೆ ತಾಗುವಂತಿದ್ದರೆ ಅದು ಲಾಭ. ಹಿಡಿಕೆ ಕಾರ್ಕಿನದೋ ಈವಿಎ ಫೋಮಿನದೋ ಎಂಬ ವಾದಕ್ಕೆ ಅಂಗಡಿಯವರು ಕೊಡುವಷ್ಟು ಬೆಲೆ ನಾವು ಕೊಡುವುದಿಲ್ಲ. ಅಗ್ಗದ ಕಾರ್ಕಿನಲ್ಲಿ ತೂತಿಗೆ ಪುಡಿ ತುಂಬಿರುತ್ತದೆ, ಅದು ಬೇಗ ಉದುರುತ್ತದೆ.

ರಾಡನ್ನು ಛಾವಣಿಗೆ ಒತ್ತಿ ಬಗ್ಗಿಸಿ ತೋರಿಸುವ ಅಂಗಡಿಯವರಿದ್ದಾರೆ. ಒಪ್ಪಬೇಡಿ. ಹಾಗೆ ಒತ್ತಿದರೆ ತುದಿಯ ಮೇಲೇ ಎಲ್ಲ ಭಾರ ಬೀಳುತ್ತದೆ, ಆದ ಬಿರುಕು ಅಲ್ಲಿ ಕಾಣುವುದಿಲ್ಲ. ದಾರ ಹಾಯಿಸಿ, ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ಎತ್ತಿ ನೋಡುವುದೇ ಸರಿ.

ದುಡ್ಡು ಹಂಚುವುದು

ಒಟ್ಟು 5,000 ರೂಪಾಯಿ ಇದ್ದರೆ ರಾಡಿಗೆ 2,200, ರೀಲಿಗೆ 1,600, ದಾರಕ್ಕೆ 700, ಉಳಿದದ್ದು ಲೀಡರ್ (ದಾರದ ತುದಿಗೆ ಸೇರಿಸುವ ಬೇರೆ ದಾರದ ತುಂಡು), ಗಾಳ, ಜಿಗ್ಗಿಗೆ. ದಾರಕ್ಕೆ ಅಷ್ಟೇಕೆ ಎಂದು ಹುಬ್ಬೇರಿಸುವವರಿಗೆ ಉತ್ತರ: ನೈಲಾನ್ ಮಾನೊ ದಾರ ಎಳೆದರೆ ಗಣನೀಯವಾಗಿ ಹಿಗ್ಗುತ್ತದೆ. ಮೂವತ್ತು ಮೀಟರ್ ದೂರದ ಕುಟುಕನ್ನು ಆ ಹಿಗ್ಗುವಿಕೆಯೇ ನುಂಗಿಬಿಡುತ್ತದೆ. ಹೆಣೆದ ದಾರ, ಅಂದರೆ ಬ್ರೇಡ್, ಹಿಗ್ಗುವುದು ತೀರಾ ಕಡಿಮೆ. ಸಾಧಾರಣ ರಾಡಿಗೆ ಬ್ರೇಡ್ ಹಾಕಿದರೆ ಮಾನೊ ಹಾಕಿದ ದುಬಾರಿ ರಾಡಿಗಿಂತ ಚೆನ್ನಾಗಿ ಸುದ್ದಿ ಕೊಡುತ್ತದೆ. ಈಗಾಗಲೇ ರಾಡ್ ಇದ್ದವರು ಹೊಸದಕ್ಕೆ ಕೈ ಹಾಕುವ ಮೊದಲು ದಾರ ಬದಲಿಸಿ ನೋಡಿ.

ನಾಲ್ಕು ಎಳೆಯ ಪಿಇ 1.5 ಬ್ರೇಡ್ ತಗೊಳ್ಳಿ (ಪಿಇ ಸಂಖ್ಯೆ ದಾರದ ದಪ್ಪ ಹೇಳುತ್ತದೆ). ಬರಿ ಸ್ಪೂಲಿನ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಮೇಲೆ ಬ್ರೇಡ್ ಸುತ್ತಿದರೆ ಇಡೀ ಸುರುಳಿಯೇ ಜಾರಿ ತಿರುಗುತ್ತದೆ. ಮೊದಲು ಐದಾರು ಮೀಟರ್ ಮಾನೊ ಸುತ್ತಿ, ಅದಕ್ಕೆ ಗಂಟು ಹಾಕಿ. ಸ್ಪೂಲಿನ ಅಂಚಿಗೆ 2 ಮಿ.ಮೀ. ಖಾಲಿ ಬಿಡಿ, ಕಂಠಮಟ್ಟ ತುಂಬಿದರೆ ಎಸೆದಾಗ ದಾರ ಒಟ್ಟೊಟ್ಟಿಗೆ ಹಾರಿ ಗಂಟಾಗುತ್ತದೆ. ತುದಿಗೆ ಎರಡು-ಮೂರು ಅಡಿ 16 ಪೌಂಡಿನ ಫ್ಲೋರೋಕಾರ್ಬನ್ ಲೀಡರನ್ನು ಡಬಲ್ ಯೂನಿ ಗಂಟಿನಲ್ಲಿ ಸೇರಿಸಿ; ಬ್ರೇಡ್ ಕಲ್ಲಿಗೆ ಉಜ್ಜಿದರೆ ಬಲುಬೇಗ ಹರಿಯುತ್ತದೆ. ಗಂಟು ಬಿಗಿಯುವ ಮೊದಲು ನೀರು ತಾಗಿಸಿ, ಒಣ ಗಂಟು ಬಿಸಿಯಾಗಿ ದುರ್ಬಲವಾಗುತ್ತದೆ.

ಇನ್ನು ಪುಕ್ಕಟೆ ಸಿಗುವ ಸೂಕ್ಷ್ಮತೆ. ರೀಲಿನ ಕಾಲನ್ನು ಬೆರಳುಗಳ ಸಂದಿಗೆ ಸಿಕ್ಕಿಸಿ, ತೋರುಬೆರಳನ್ನು ದಾರಕ್ಕೆ ಮೆತ್ತಗೆ ತಾಗಿಸಿ ಇಡಿ. ಮಧ್ಯಾಹ್ನದ ಗಾಳಿಗೆ ಹಿನ್ನೀರಿನ ಮೇಲೆ ದಾರ ಬಿಲ್ಲಿನಂತೆ ಬಾಗಿದರೆ ಯಾವ ರಾಡೂ ಸುದ್ದಿ ಕೊಡುವುದಿಲ್ಲ. ತುದಿಯನ್ನು ನೀರಿನ ಹತ್ತಿರಕ್ಕೆ ಇಳಿಸಿ, ಜಿಗ್ಗಿನ ತೂಕ ಒಂದು ಹಂತ ಏರಿಸಿ, ಗಾಳಿಗೆ ಎದುರಾಗಿ ಅಥವಾ ಬೆನ್ನು ಮಾಡಿ ಎಸೆಯಿರಿ.

ಕಾರ್ಬನ್ ರಾಡ್ ಮುರಿಯುವುದು ಎಲ್ಲಿ

ದೊಡ್ಡ ಮೀನಿಗೆ ಮುರಿಯುವುದು ಅಪರೂಪ. ದಂಡೆಗೆ ಬಂದ ಮೀನನ್ನು ರಾಡ್ ನೆಟ್ಟಗೆ ಮೇಲೆತ್ತಿ ಎಳೆಯುವಾಗ, ಇಲ್ಲವೇ ಒಂದು ಕೈಯಿಂದ ರಾಡಿನ ನಡುಭಾಗ ಹಿಡಿದು ಜಗ್ಗುವಾಗ ಮುರಿಯುತ್ತದೆ. ಮೀನು ಹತ್ತಿರ ಬಂದಾಗ ರಾಡ್ ಪಕ್ಕಕ್ಕೆ ಬಾಗಿಸಿ, ಬಲೆಯಲ್ಲಿ ಎತ್ತಿ. ಗಾಳ ಬೊಡ್ಡೆಗೆ ಸಿಕ್ಕಾಗ ರಾಡನ್ನು ದಾರದ ನೇರಕ್ಕೆ ಹಿಡಿದು, ಕೈಗೆ ಬಟ್ಟೆ ಸುತ್ತಿ ದಾರವನ್ನೇ ಎಳೆಯಿರಿ. ಬರಿಗೈಗೆ ಬ್ರೇಡ್ ಸುತ್ತಿದರೆ ಚರ್ಮ ಸೀಳುತ್ತದೆ. ಎಸೆಯುವಾಗ ಜಿಗ್ ಬಡಿದು ಆದ ಕಣ್ಣಿಗೆ ಕಾಣದ ಗಾಯ ತಿಂಗಳು ಕಳೆದು ಅರ್ಧ ಕಿಲೋ ಜಿಲೇಬಿಗೆ ರಾಡನ್ನು ಮುರಿಯಬಲ್ಲದು. ಮನೆಯಲ್ಲಿ ಫ್ಯಾನು, ಹೊರಗೆ ಕಾರಿನ ಬಾಗಿಲು ಇನ್ನಿಬ್ಬರು ಶತ್ರುಗಳು. ವಿಜಯಪುರದ ಬೇಸಿಗೆಯಲ್ಲಿ ಗಾಜು ಏರಿಸಿದ ಕಾರಿನಲ್ಲಿ ರಾಡ್ ಬಿಡಬೇಡಿ, ಉಂಗುರದ ಅಂಟು ಮೆತ್ತಗಾಗುತ್ತದೆ.

ಬಸ್ಸಿನಲ್ಲಿ ಒಯ್ಯಲು ಪ್ಲಂಬಿಂಗ್ ಅಂಗಡಿಯ 75 ಎಂಎಂ ಪಿವಿಸಿ ಪೈಪು ಮೂರೂಮುಕ್ಕಾಲು ಅಡಿ ಕೊಯ್ಸಿ, ಎರಡೂ ತುದಿಗೆ ಮುಚ್ಚಳ ಹಾಕಿದರೆ ಸಾಕು. ಕೀಲಿನ ಒಳಸೇರುವ ಭಾಗಕ್ಕೆ ಆಗಾಗ ಮೇಣದಬತ್ತಿ ಉಜ್ಜಿದರೆ ಜಾರುವುದೂ ಇಲ್ಲ, ಸಿಕ್ಕಿಬೀಳುವುದೂ ಇಲ್ಲ.

ಕೊನೆಗೆ, ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ಹೊಳೆದಂಡೆಯಲ್ಲಿ ಕಬ್ಬಿನ ಪಂಪ್‌ಸೆಟ್ಟುಗಳ ತಂತಿಗಳು ಹಲವೆಡೆ ಜೋತುಬಿದ್ದಿರುತ್ತವೆ. ಎಸೆಯುವ ಮೊದಲು ತಲೆಯ ಮೇಲೆ ನೋಡಿ, ತಂತಿಯ ಕೆಳಗೆ ರಾಡ್ ಜೋಡಿಸಲೂ ಬೇಡಿ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ದಂಡೆ ಬಿಡಿ. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ಸಿಕ್ಕ ಗಾಳ ಬಿಡಿಸಲು ನೀರಿಗಿಳಿಯಬೇಡಿ. ಗೋಕಾಕ ಹತ್ತಿರ ಧೂಪದಾಳದಲ್ಲಿರುವ ಘಟಪ್ರಭಾ ಪಕ್ಷಿಧಾಮದ ನೀರು ಗಾಳಕ್ಕಲ್ಲ. ಬೇರೆ ಕೆರೆ, ಜಲಾಶಯಗಳಲ್ಲಿ ಮೀನಿನ ಹಕ್ಕು ಯಾರಿಗೆ ಗುತ್ತಿಗೆಯಾಗಿದೆ ಎಂದು ಆಯಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ.