ಹಳೇ ಜೀಪು ಕುದಿಯಬಾರದೇ? ಬೋರ್ ನೀರು ಹಾಕಬೇಡಿ, ಗಾಳಿ ತೆಗೆಯಿರಿ

ಏಪ್ರಿಲ್ ಬಂತೆಂದರೆ ನಂದಿ ಬೆಟ್ಟದ ತಿರುವುಗಳಲ್ಲಿ, ಆವಲಬೆಟ್ಟದ ಏರಿನಲ್ಲಿ ಬಾನೆಟ್ ಎತ್ತಿ ನಿಂತ ಹಳೇ ಜೀಪುಗಳು ಕಾಣುತ್ತವೆ. ಪಕ್ಕದಲ್ಲಿ ಒಬ್ಬರು ನೀರಿನ ಬಾಟಲಿ ಹಿಡಿದಿರುತ್ತಾರೆ, ಇನ್ನೊಬ್ಬರು ಬಟ್ಟೆ ಸುತ್ತಿ ರೇಡಿಯೇಟರ್ ಕ್ಯಾಪ್ ತಿರುಗಿಸಲು ಹೋಗುತ್ತಿರುತ್ತಾರೆ. ಊರಿಗೆ ಬಂದ ಮೇಲೆ ಸಲಹೆ ಶುರು: "ರೇಡಿಯೇಟರ್ ಸಾಲಲ್ಲ, ದೊಡ್ಡದು ಹಾಕ್ಸಿ." ದುಡ್ಡು ದಂಡ. ಮಹೀಂದ್ರದ ಎಂಎಂ 540, ಮೇಜರ್, ಮಾರುತಿಯ ಜಿಪ್ಸಿ ಎಲ್ಲವೂ ಕಂಪನಿ ಕೊಟ್ಟ ರೇಡಿಯೇಟರ್‌ನಲ್ಲೇ ಈ ಬಿಸಿಲು ಕಂಡ ಗಾಡಿಗಳು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಾನು ನೋಡಿದ ಹೆಚ್ಚಿನ ಗಾಡಿಗಳಲ್ಲಿ ತೊಂದರೆ ಎರಡೇ: ಒಳಗೆ ಬೋರ್ ನೀರಿನ ಸುಣ್ಣ, ಮತ್ತು ನೀರು ತುಂಬುವಾಗ ಸಿಕ್ಕಿಕೊಂಡ ಗಾಳಿ.

1. ಮುಳ್ಳು ನಿಜ ಹೇಳುತ್ತಿದೆಯೇ?

ಹಳೇ ಟೆಂಪರೇಚರ್ ಗೇಜ್ ನಂಬಬೇಡಿ. ಮುಟ್ಟದೆಯೇ ಬಿಸಿ ಅಳೆಯುವ ಒಂದು ಐಆರ್ ಥರ್ಮಾಮೀಟರ್ ತಗೊಳ್ಳಿ. ಎಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್) ಕೂತಿರುವ ಮನೆಯ ಮೇಲೆ ಹಿಡಿದು ಗೇಜ್ ಜೊತೆ ಹೋಲಿಸಿ. ಹೊಳೆಯುವ ಲೋಹದ ಮೇಲೆ ಹಿಡಿದರೆ ಕಡಿಮೆ ತೋರಿಸುತ್ತದೆ. ಅಲ್ಲಿ ಕಪ್ಪು ಬಣ್ಣ ಬಳಿಯಿರಿ, ಇಲ್ಲವೇ ಕಪ್ಪು ಟೇಪ್ ಅಂಟಿಸಿ. ಇನ್ನೊಂದು ವಿಷಯ: ನೀರು ಪೂರ್ತಿ ಸೋರಿಹೋದಾಗ ಸೆನ್ಸರ್ ಸುತ್ತ ಬರೀ ಗಾಳಿ ಇರುತ್ತದೆ, ಮುಳ್ಳು ಕೆಳಗೆ ಇಳಿಯುತ್ತದೆ. ಏರಿನಲ್ಲಿ ಮುಳ್ಳು ಇದ್ದಕ್ಕಿದ್ದಂತೆ ತಣ್ಣಗಾದರೆ ಖುಷಿಪಡಬೇಡಿ, ಗಾಡಿ ನಿಲ್ಲಿಸಿ.

2. ಬೆಲ್ಟ್, ಹೋಸ್, ಕ್ಯಾಪ್

ಫ್ಯಾನ್ ಬೆಲ್ಟ್ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10–12 ಮಿಲಿಮೀಟರ್ ಬಗ್ಗಬೇಕು. ಹೋಸ್ ಮೆತ್ತಗಾಗಿದ್ದರೆ ಬದಲಿಸಿ.

ಕ್ಯಾಪ್ ಅಗ್ಗದ ಸಾಮಾನು ಅಂತ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ನಂದಿ ಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಸರಿಯಾಗಿದ್ದರೆ ಅದೇ ನೀರು 115 ಡಿಗ್ರಿಯಲ್ಲೂ ಕುದಿಯದು. ಸೀಲ್ ಹೋದ ಕ್ಯಾಪ್ ಈ ಲಾಭವನ್ನೆಲ್ಲ ಕಳೆದುಬಿಡುತ್ತದೆ. ಹಾಗಂತ ಜಾಸ್ತಿ ಒತ್ತಡದ್ದು ಹಾಕಬೇಡಿ, ರೇಡಿಯೇಟರ್‌ನ ಹಳೇ ಹಿತ್ತಾಳೆ ಟ್ಯಾಂಕಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಹಳೇ ಜೀಪುಗಳಿಗೆ ಇನ್ನೂ ಕಡಿಮೆ ಒತ್ತಡದ ಕ್ಯಾಪ್ ಇರುತ್ತದೆ. ನಿಮ್ಮ ಗಾಡಿಗೆ ಹೇಳಿದ್ದೇ ಹಾಕಿ. ಎಂಜಿನ್ ಆರಿದ ಮೇಲೆ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿದ್ದರೂ ಕ್ಯಾಪಿನದ್ದೇ ದೋಷ ಇರಬಹುದು. ಅದರ ಮಧ್ಯದ ಚಿಕ್ಕ ವಾಲ್ವ್ ಅಂಟಿಕೊಂಡಿರುತ್ತದೆ.

3. ಗಾಳಿಗೆ ದಾರಿ

ಗ್ರಿಲ್ ಮುಂದೆ ನಾಲ್ಕು ಫಾಗ್ ಲೈಟು, ವಿಂಚು, ಕ್ಲಬ್ಬಿನ ಬ್ಯಾನರು ಕಟ್ಟಿ ಆಮೇಲೆ "ಹೀಟ್ ಆಗುತ್ತೆ" ಅಂದರೆ ಹೇಗೆ? ತೆಗೆಯಿರಿ. ಫ್ಯಾನ್ ಸುತ್ತಲಿನ ಕವರ್ ಅನ್ನು ರಿಪೇರಿಗೆ ಅಡ್ಡ ಅಂತ ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಅದು ಇಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯದೆ ಅಲ್ಲಲ್ಲೇ ಸುತ್ತಿಸುತ್ತದೆ. ನಿಧಾನವಾಗಿ ಏರು ಹತ್ತುವಾಗ ಇದು ಗೊತ್ತಾಗುತ್ತದೆ. ಹುಡುಕಿ ಮತ್ತೆ ಹಾಕಿ.

ಕೆರೆ ಅಂಗಳದ ಮಣ್ಣು, ಹುಲ್ಲಿನ ಬೀಜ ರೇಡಿಯೇಟರ್ ರೆಕ್ಕೆಗಳಲ್ಲಿ ಕೂತಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಸಾದಾ ಪೈಪಿನಲ್ಲಿ ನೀರು ಬಿಡಿ. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳೆಲ್ಲ ಮಲಗಿಬಿಡುತ್ತವೆ.

4. ಸುಣ್ಣ ಬಿಡಿಸುವುದು

ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಹೇಳಬೇಕಿಲ್ಲ. ಎಂಜಿನ್ ಒಳಗೂ ಅದೇ ಬಿಳಿ ಪದರ ಕಟ್ಟುತ್ತದೆ. ತೆಳ್ಳಗಿದ್ದರೂ ಅದು ಕಬ್ಬಿಣದಿಂದ ನೀರಿಗೆ ಹೋಗಬೇಕಾದ ಬಿಸಿಯನ್ನು ತಡೆಯುತ್ತದೆ.

ತಣ್ಣಗಿರುವಾಗ ಕೆಳಗಿನ ಹೋಸ್ ಬಿಚ್ಚಿ ಒಳಗಿನ ನೀರು ಬಸಿಯಿರಿ. ಹೆಚ್ಚಿನವರು ಇಲ್ಲಿಗೇ ಮುಗಿಸುತ್ತಾರೆ. ಎಂಜಿನ್ ಬ್ಲಾಕ್ ಪಕ್ಕದಲ್ಲಿ ಇನ್ನೊಂದು ಡ್ರೈನ್ ಪ್ಲಗ್ ಇರುತ್ತದೆ, ಅದನ್ನೂ ತೆಗೆಯಿರಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಪ್ಲಗ್ ಬಂದ ಮೇಲೂ ನೀರು ಬರದಿದ್ದರೆ ಕೆಸರು ಕಟ್ಟಿದೆ ಎಂದರ್ಥ, ತಂತಿಯಿಂದ ಚುಚ್ಚಿ.

ಆಮೇಲೆ ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುವ ಪುಡಿ. ಲೀಟರ್ ನೀರಿಗೆ 30 ಗ್ರಾಂ ಸಾಕು. ತುಂಬಿ, ಎಂಜಿನ್ ಬಿಸಿಯಾದ ಮೇಲೆ ಅರ್ಧ ಗಂಟೆ ಓಡಿಸಿ, ಆರಿದ ಮೇಲೆ ಬಸಿಯಿರಿ. ರಾತ್ರಿಯಿಡೀ ಒಳಗೆ ಬಿಡಬೇಡಿ. ತಿಳಿ ನೀರು ಬರುವವರೆಗೂ ತೊಳೆಯಿರಿ. ತೊಳೆಯಲು ಬೋರ್ ನೀರೇ ಆಗುತ್ತದೆ, ಕೊನೆಯ ಎರಡು ಸುತ್ತಿಗೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುವ ಧೈರ್ಯಶಾಲಿಗಳೂ ಇದ್ದಾರೆ. ಅದು ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ಡನ್ನೇ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಕೂಡ ಅಷ್ಟೇ.

ಇಷ್ಟಾದರೂ ರೇಡಿಯೇಟರ್ ಮೇಲೆ ಕೈಯಾಡಿಸಿದಾಗ ಅಲ್ಲಲ್ಲಿ ತಣ್ಣಗಿದ್ದರೆ ಆ ಕೊಳವೆಗಳು ಮುಚ್ಚಿವೆ. (ಎಂಜಿನ್ ಆಫ್ ಮಾಡಿ ಕೈಯಿಡಿ, ಫ್ಯಾನಿಗೆ ಬೆರಳಿನ ಗುರುತು ಸಿಗುವುದಿಲ್ಲ.) ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ ರಾಡ್ ಹೊಡೆಸಿ, ಅಂದರೆ ಕೊಳವೆಗಳೊಳಗೆ ಕಂಬಿ ಹಾಯಿಸಿ ಕಸ ತೆಗೆಸಿ. ಹೊಸದಕ್ಕಿಂತ ಅಗ್ಗ.

ಸೋರಿಕೆಗೆ ಅರಿಶಿನ ಪುಡಿ ಹಾಕುವ ವಿದ್ಯೆ ಇನ್ನೂ ಚಾಲ್ತಿಯಲ್ಲಿದೆ. ಕಾಡಿನ ಮಧ್ಯೆ ಸಿಕ್ಕಿಕೊಂಡರೆ ಮನೆ ಮುಟ್ಟಲು ಹಾಕಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಅದೂ, ಡಬ್ಬಿಯಲ್ಲಿ ಬರುವ ಲೀಕ್ ನಿಲ್ಲಿಸುವ ಪುಡಿಯೂ ತೂತು ಮುಚ್ಚುವುದರ ಜೊತೆ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತವೆ.

5. ಥರ್ಮೋಸ್ಟಾಟ್

"ನಮ್ಮೂರಿಗೆ ಬೇಡ ಸಾರ್, ತೆಗೆದುಬಿಡ್ತೀನಿ" ಎನ್ನುವ ಮೆಕ್ಯಾನಿಕ್‌ಗೆ ಕೈಮುಗಿದು ಬೇಡ ಅನ್ನಿ. ಅದಿಲ್ಲದಿದ್ದರೆ ಡಿಸೆಂಬರ್ ಬೆಳಿಗ್ಗೆ ಎಂಜಿನ್ ಬಿಸಿಯೇ ಏರುವುದಿಲ್ಲ. ಡೀಸೆಲ್ ಜಾಸ್ತಿ, ಸವೆತ ಜಾಸ್ತಿ, ಆಯಿಲಿನಲ್ಲಿ ಕೆಸರು. ಅದು ಸರಿಯಿದೆಯೇ ಎಂದು ನೋಡಲು ಬಿಚ್ಚಿ, ಪಾತ್ರೆ ನೀರಿನಲ್ಲಿ ದಾರ ಕಟ್ಟಿ ತೂಗುಬಿಡಿ, ತಳ ತಾಗಬಾರದು. ಕಾಯಿಸುತ್ತಾ ಥರ್ಮಾಮೀಟರ್ ನೋಡಿ. ಮೇಲೆ 82 ಎಂದು ಕೆತ್ತಿದ್ದರೆ ಅದರ ಆಸುಪಾಸಿನಲ್ಲಿ ಬಾಯಿ ಬಿಡಬೇಕು.

6. ತುಂಬುವುದು, ಗಾಳಿ ತೆಗೆಯುವುದು

ಕೆಲಸ ಕೆಡುವುದು ಇಲ್ಲೇ. ಅವಸರದಲ್ಲಿ ಸುರಿದು, ಕ್ಯಾಪ್ ಹಾಕಿ, ಹೊರಟುಬಿಡುತ್ತಾರೆ. ಹೆಡ್ ಒಳಗೆ ಗಾಳಿ ಕೂತಿರುತ್ತದೆ. ಅಲ್ಲಿ ನೀರು ತಾಗದ ಜಾಗ ಕಾದು, ಹೆಡ್ ಬಾಗುತ್ತದೆ.

ಮೊದಲು ಕೂಲಂಟ್, ಅಂದರೆ ರೇಡಿಯೇಟರ್ ನೀರಿಗೆ ಬೆರೆಸುವ ದ್ರವ. ಹಳೇ ಹಿತ್ತಾಳೆ, ತಾಮ್ರದ ರೇಡಿಯೇಟರ್‌ಗೆ ನನ್ನ ಆಯ್ಕೆ ಹಳೇ ಕಾಲದ ಹಸಿರು ಕೂಲಂಟ್. ಕೆಂಪು, ಹಸಿರು ಬೆರೆಸಬೇಡಿ. ಡಬ್ಬಿ ಮೇಲೆ ಎಥಿಲೀನ್ ಗ್ಲೈಕಾಲ್ ಎಂದಿರಬೇಕು. ರಸ್ತೆ ಬದಿಯಲ್ಲಿ ಸಿಗುವ ಅಗ್ಗದ ಹಸಿರು ನೀರಿನಲ್ಲಿ ಬಣ್ಣ ಬಿಟ್ಟರೆ ಬೇರೇನೂ ಇರುವುದಿಲ್ಲ. ಇಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ 40 ಭಾಗ ಕೂಲಂಟ್, 60 ಭಾಗ ಡಿಸ್ಟಿಲ್ಡ್ ವಾಟರ್ ಸಾಕು. ಬಿಸಿ ಹೊರುವುದರಲ್ಲಿ ನೀರೇ ಮೇಲು. ತೊಳೆದ ನೀರು ಒಳಗೆ ಒಂದಿಷ್ಟು ಉಳಿದೇ ಇರುತ್ತದೆ. ಆದ್ದರಿಂದ ಒಟ್ಟು 10 ಲೀಟರ್ ಹಿಡಿಯುವ ಗಾಡಿಯಾದರೆ 4 ಲೀಟರ್ ನೀರು ಬೆರೆಸದ ಕೂಲಂಟ್ ಮೊದಲು ಸುರಿದು, ಮಿಕ್ಕ ಜಾಗಕ್ಕೆ ನೀರು ಹಾಕಿ.

ಈಗ ಗಾಡಿಯ ಮೂಗು ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕ್ಯಾಪ್ ಇರುವ ಜಾಗ ಎಲ್ಲಕ್ಕಿಂತ ಎತ್ತರವಾಗಿರಬೇಕು. ಹೀಟರ್ ಇದ್ದರೆ ಅದರ ಕೊಳಾಯಿ ಪೂರ್ತಿ ತೆರೆಯಿರಿ. ಸಣ್ಣ ಧಾರೆಯಲ್ಲಿ ಸುರಿಯಿರಿ, ನಡುನಡುವೆ ಮೇಲಿನ ಹೋಸ್ ಹಿಂಡಿ. ಗುಳುಗುಳು ಎಂದು ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ. ಮತ್ತೆ ಸುರಿಯಿರಿ. ಇಳಿಯುವುದು ನಿಂತ ಮೇಲೆ ಕ್ಯಾಪ್ ಹಾಕದೆ ಎಂಜಿನ್ ಸ್ಟಾರ್ಟ್ ಮಾಡಿ, ಸುಮ್ನೆ ಓಡಲು ಬಿಡಿ.

ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಬೇಸರಪಟ್ಟು ರೇಸ್ ಮಾಡಬೇಡಿ. ಮೇಲಿನ ಹೋಸ್ ಮುಟ್ಟುತ್ತಿರಿ. ಅದು ಇದ್ದಕ್ಕಿದ್ದಂತೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಎಂದು ತಿಳಿಯಿರಿ. ಆಗ ಮಟ್ಟ ಗಬಕ್ಕನೆ ಇಳಿಯಬಹುದು, ಇಲ್ಲವೇ ಗಾಳಿ ತಳ್ಳಿ ಉಕ್ಕಬಹುದು. ಮುಖ ಹತ್ತಿರ ಇಡಬೇಡಿ. ತುಂಬುತ್ತಾ ಹೋಗಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಒಂದು ಸುತ್ತು ಹೋಗಿ ಬಂದು, ಮಾರನೇ ದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ನೋಡಿ. ಸ್ವಲ್ಪ ಇಳಿದಿರುತ್ತದೆ, ತುಂಬಿ.

ಗುಳ್ಳೆ ನಿಲ್ಲಲೇ ಇಲ್ಲ, ಎಷ್ಟು ಹೊತ್ತಾದರೂ ಒಂದೇ ಸಮ ಬರುತ್ತಿವೆ ಎಂದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತಂತೆ ಕಂಡರಂತೂ ಗಾಡಿ ಓಡಿಸಲೇಬೇಡಿ.

ಬಸಿದ ಹಳೇ ಕೂಲಂಟ್ ಚರಂಡಿಗೆ, ಗದ್ದೆಗೆ ಬಿಡಬೇಡಿ. ಸಿಹಿಯಿರುತ್ತದೆ, ನಾಯಿ ನೆಕ್ಕಿದರೆ ಸಾಯಬಹುದು. ಕ್ಯಾನಿಗೆ ತುಂಬಿ ಮುಚ್ಚಳ ಹಾಕಿ, ಗ್ಯಾರೇಜಿನವರ ಹಳೇ ಆಯಿಲ್ ಜೊತೆ ಸೇರದಂತೆ ಬೇರೆ ಇಡಿ.

7. ಆಯಿಲ್

ನೀರಿಗಿಂತ ಆಯಿಲ್ ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಹಾಗಾಗಿ ನೀರಿನ ಮುಳ್ಳು ಇಳಿದ ಮೇಲೂ ಎಂಜಿನ್ ತಳದ ಚೇಂಬರಿನಲ್ಲಿ ಆಯಿಲ್ ಕುದಿಬಿಸಿಯೇ ಇರುತ್ತದೆ. 90ರಿಂದ 110 ಡಿಗ್ರಿ ಸರಿ. 120 ಆದರೆ ಭಾರ ಇಳಿಸಿ, 130 ದಾಟಿದರೆ ನಿಲ್ಲಿಸಿ. ಚೇಂಬರ್ ಮೇಲೆ ಗಟ್ಟಿಯಾದ ಕೆಸರು ಕಂಬಳಿ ಹೊದಿಸಿದ ಕೆಲಸ ಮಾಡುತ್ತದೆ, ಕೆರೆದು ತೆಗೆಯಿರಿ. ಡೀಸೆಲ್ ಎಂಜಿನ್‌ಗೆ 15ಡಬ್ಲ್ಯು-40 ಗ್ರೇಡಿನ ಆಯಿಲ್, ಸವೆದ ಎಂಜಿನ್‌ಗೆ 20ಡಬ್ಲ್ಯು-50. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ತುಂಬಬೇಡಿ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಬಿಸಿ ಇನ್ನೂ ಏರುತ್ತದೆ. ಟ್ರೇಲರ್‌ನಲ್ಲಿ ಟೊಮೆಟೊ ಎಳೆಯುವವರಿಗೆ ಆಯಿಲ್ ಕೂಲರ್ ಒಳ್ಳೆಯದು, ಥರ್ಮೋಸ್ಟಾಟ್ ಇರುವುದನ್ನೇ ಕೊಳ್ಳಿ. ಭಾನುವಾರದ ಬೆಟ್ಟಕ್ಕೆ ಬೇಡ. ಅದೇ ದುಡ್ಡಿಗೆ ಆಯಿಲ್ ಪ್ರೆಶರ್ ಗೇಜ್ ಹಾಕಿಸಿ.

8. ಏರಿನಲ್ಲಿ

ಟಾಪ್ ಗೇರಿನಲ್ಲಿ ಉಸಿರು ಕಟ್ಟಿಸಿ ಹತ್ತಿಸಬೇಡಿ. ಕೆಳಗಿನ ಗೇರ್ ಹಾಕಿ, ಎಂಜಿನ್ ಹಗುರವಾಗಿ ತಿರುಗಲಿ. ಫ್ಯಾನ್, ವಾಟರ್ ಪಂಪ್ ಎರಡೂ ಎಂಜಿನ್ ಜೊತೆಗೇ ತಿರುಗುವುದರಿಂದ ಗಾಳಿಯೂ ನೀರೂ ಜಾಸ್ತಿ ಹರಿಯುತ್ತವೆ. ಮುಳ್ಳು ಏರಿದರೆ ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಹೀಟರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಓಡಲು ಬಿಡಿ. ನೀರು ಉಕ್ಕಿ ಹೊರಗೆ ಬಂದಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ. ಆಮೇಲೆ ಅರ್ಧ ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ, ಬ್ಲಾಕ್ ಮೇಲೆ ತಣ್ಣೀರು ಸುರಿಯಲೇಬೇಡಿ. ಗಾಡಿಯಲ್ಲಿ 5 ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನ್ ಇಟ್ಟುಕೊಂಡಿದ್ದರೆ ದಾರಿಯಲ್ಲಿ ಯಾರದೋ ತೋಟದ ಬೋರ್ ಹುಡುಕಿಕೊಂಡು ಹೋಗುವ ಕೆಲಸ ಇರುವುದಿಲ್ಲ.