ಹಾಡು, ರೇಡಿಯೊ, ರೆಕಾರ್ಡಿಂಗ್ ಒಂದರಲ್ಲೇ ಬೇಕಾ? ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಒಂದು ಪ್ಲೇಯರ್–ರೆಕಾರ್ಡರ್ ಕೊಳ್ಳುತ್ತೇನೆ ಅಂದರೆ ‘ಮೊಬೈಲ್ ಇದೆಯಲ್ಲ, ಇನ್ನೊಂದು ಯಾಕೆ?’ ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಬರೀ ಹಾಡು ಕೇಳೋಕಾದರೆ ಅವರ ಮಾತು ಸರಿ. ಆದರೆ ಮೈಸೂರಿನ ಒಂಟಿಕೊಪ್ಪಲು ಎಂಟನೇ ಕ್ರಾಸಿನ ಗಣೇಶೋತ್ಸವದ ಸಂಗೀತ ಕಚೇರಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಕೂತರೆ ನಡುವೆ ಯಾರದೋ ಫೋನ್ ಬರುತ್ತದೆ. ತನಿ ಆವರ್ತನದ (ಮೃದಂಗದವರು ತಾವೇ ನುಡಿಸುವ ಭಾಗದ) ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ. ಎಷ್ಟೋ ಹೊಸ ಮೊಬೈಲುಗಳಲ್ಲಿ ಎಫ್‌ಎಂ ಕೂಡ ಇಲ್ಲ. ಆ್ಯಪಿನಲ್ಲಿ ಆಕಾಶವಾಣಿ ಬರುತ್ತದೆ ನಿಜ, ಆದರೆ ಅದಕ್ಕೆ ಡೇಟಾ ಬೇಕು. ಹಾಗಾಗಿ ಜೇಬಿಗೆ ಹಿಡಿಯುವ ಪ್ಲೇಯರ್–ರೆಕಾರ್ಡರಿಗೆ ಇನ್ನೂ ಬೆಲೆ ಇದೆ.

ಮೊದಲು ಯಾವುದು ಮುಖ್ಯ ಅಂತ ತೀರ್ಮಾನಿಸಿ

ಮೂರೂ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುವ ಯಂತ್ರ ಕಡಿಮೆ ಬೆಲೆಗೆ ಸಿಗುವುದು ಕಷ್ಟ. ನನ್ನ ಕೇಳಿದರೆ ರೆಕಾರ್ಡಿಂಗ್ ನೋಡಿ ಕೊಳ್ಳಿ. ಹಾಡು ಯಾವುದರಲ್ಲಾದರೂ ಕೇಳಬಹುದು. ಕೆಟ್ಟದಾಗಿ ಆದ ರೆಕಾರ್ಡಿಂಗನ್ನು ಆಮೇಲೆ ಸರಿ ಮಾಡೋಕೆ ಆಗಲ್ಲ.

100.6 ಹಿಡಿಯುತ್ತಾ ನೋಡಿ

1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ನಿಲಯ ಶುರು ಮಾಡಿದ ಊರು ಮೈಸೂರು. ಇಲ್ಲಿ ಕೊಂಡ ಯಂತ್ರ 100.6ರಲ್ಲಿ ಬರುವ ಮೈಸೂರು ಆಕಾಶವಾಣಿಯನ್ನೇ ಹಿಡಿಯದಿದ್ದರೆ ಏನು ಚೆಂದ? ಹಾಗೂ ಆಗುವುದುಂಟು. ಅಮೆರಿಕಕ್ಕೆಂದು ಮಾಡಿದ ಕೆಲವು ಪ್ಲೇಯರುಗಳು 100.5 ಆದ ಮೇಲೆ ನೇರ 100.7ಕ್ಕೆ ಹಾರುತ್ತವೆ, ಏಕೆಂದರೆ ಅಲ್ಲಿನ ನಿಲಯಗಳಿರುವುದು ಬೆಸ ಅಂಕಿಯಲ್ಲಿ ಮಾತ್ರ. ಜಪಾನಿನವುಗಳ ಎಫ್‌ಎಂ 76ರಿಂದ ಶುರುವಾಗಿ ನಮ್ಮ ನೂರರ ಆಚೆಯ ನಿಲಯಗಳಿಗೆ ಮುಂಚೆಯೇ ಮುಗಿದಿರಬಹುದು. ವಿದೇಶದಿಂದ ಬಂದ ಮಗನೋ ಅಳಿಯನೋ ತಂದುಕೊಟ್ಟ ಪ್ಲೇಯರಿನಲ್ಲಿ ಊರಿನ ನಿಲಯ ಬರುತ್ತಿಲ್ಲ ಅಂದರೆ ರಿಪೇರಿಗೆ ಓಡಬೇಡಿ. ಸೆಟ್ಟಿಂಗ್ಸಿನಲ್ಲಿ ‘ರೀಜನ್’ ಅಥವಾ ‘ಸ್ಟೆಪ್’ ಅಂತ ಇದ್ದರೆ ಬದಲಾಯಿಸಿ ನೋಡಿ. ನಮಗೆ ಬೇಕಾದದ್ದು 0.1ರ ಹೆಜ್ಜೆ.

ಇಯರ್‌ಫೋನಿನ ವೈರೇ ಇವುಗಳಲ್ಲಿ ಏರಿಯಲ್. ನೂರರ ಆಸುಪಾಸಿನ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರ್ ವೈರ್ ಇದ್ದರೂ ಚೆನ್ನಾಗಿ ಹಿಡಿಯುತ್ತದೆ. ವೈರ್ ಸುತ್ತಿ ಜೇಬಿಗೆ ತುರುಕಿದರೆ ಕೊರಕೊರ ಅನ್ನುತ್ತದೆ. ಬರೀ ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಏರಿಯಲ್ಲೇ ಇಲ್ಲ. ಕಾಂಕ್ರೀಟ್ ಕಟ್ಟಡದ ಒಳಗಿನ ಅಂಗಡಿಯಾದರೆ ಬಾಗಿಲಿಗೆ ಬಂದು ಕೇಳಿ. ಮಂಡ್ಯದವರು ಇನ್ನೊಂದು ನೆನಪಿಡಿ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಗಂಟೆ ಹೊಡೆದ ಹಾಗೆ ಕೇಳಿದ್ದು ಸುಮಾರು 45 ಕಿ.ಮೀ. ಆಚೆ ನಿಮ್ಮ ಮನೆಯಲ್ಲೂ ಹಾಗೇ ಕೇಳಬೇಕು ಅಂತೇನಿಲ್ಲ. ಆದ್ದರಿಂದ ಬದಲಾಯಿಸಿ ಕೊಡ್ತೀರಾ ಅಂತ ಮೊದಲೇ ಕೇಳಿ.

ರೇಡಿಯೊ ಇದೆ, ರೆಕಾರ್ಡಿಂಗ್ ಇದೆ ಅಂದ ಮಾತ್ರಕ್ಕೆ ರೇಡಿಯೊದಿಂದಲೇ ರೆಕಾರ್ಡ್ ಆಗುತ್ತದೆ ಅಂದುಕೊಳ್ಳಬೇಡಿ. ಅದನ್ನು ಬೇರೆಯಾಗಿ ಕೇಳಿ, ಮಾಡಿಸಿ ನೋಡಿ. ಮೀಡಿಯಂ ವೇವ್ ಇಂಥ ಪ್ಲೇಯರುಗಳಲ್ಲಿ ಬಹಳ ಅಪರೂಪ. ಅದರಲ್ಲಿ ಬರುವ ಬೆಂಗಳೂರು ಆಕಾಶವಾಣಿಯ 612 ಬೇಕೆನ್ನುವ ಹಿರಿಯರಿಗೆ ಮಾಮೂಲಿ ಟ್ರಾನ್ಸಿಸ್ಟರೇ ಸರಿ.

ಮೈಕಿಗೆ ಒಂದು ನಿಮಿಷದ ಪರೀಕ್ಷೆ

‘ಹಲೋ ಹಲೋ’ ಅಂದರೆ ಏನೂ ಗೊತ್ತಾಗಲ್ಲ. ರೆಕಾರ್ಡ್ ಒತ್ತಿ ಹತ್ತು ಸೆಕೆಂಡ್ ಸುಮ್ನಿರಿ. ಆಮೇಲೆ ಮೆಲ್ಲಗೆ ಮಾತಾಡಿ. ಮಾತಿನ ನಡುವೆಯೇ ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಮಾತು ಮುಂದುವರಿಸಿ. ಈಗ ಇಯರ್‌ಫೋನ್ ಹಾಕಿ ಕೇಳಿ. ಸುಮ್ಮನಿದ್ದ ಜಾಗದಲ್ಲಿ ‘ಸುಸ್’ ಅನ್ನುವ ಸದ್ದು ಜಾಸ್ತಿ ಇದ್ದರೆ ಒಳಗಿನ ಮೈಕ್ ಸಾಧಾರಣದ್ದು. ಚಪ್ಪಾಳೆ ಆದ ಕೂಡಲೇ ನಿಮ್ಮ ದನಿ ತಗ್ಗಿ, ನಿಧಾನಕ್ಕೆ ಮೇಲೆ ಬಂತಾ? ಅದು ಆಟೊ ಲೆವೆಲ್ ಕೆಲಸ, ಅಂದರೆ ಸದ್ದಿನ ಮಟ್ಟವನ್ನು ಯಂತ್ರ ತಾನೇ ಏರಿಸಿ ಇಳಿಸುತ್ತದೆ. ಮಾತು, ಪಾಠ ರೆಕಾರ್ಡ್ ಮಾಡೋಕೆ ಇದೇ ಅನುಕೂಲ. ಸಂಗೀತಕ್ಕೆ ಆಗದು. ಮೃದಂಗದ ಪೆಟ್ಟು ಬಿದ್ದಾಗಲೆಲ್ಲ ಹಾಡುವವರ ದನಿ ಒಳಗೆ ಹೋಗುತ್ತದೆ, ಅವರು ನಿಲ್ಲಿಸಿದಾಗ ತಂಬೂರಿ ಮೇಲೆದ್ದು ಬರುತ್ತದೆ. ಲೆವೆಲನ್ನು ಕೈಯಿಂದಲೇ ಹೊಂದಿಸುವ ಸೌಲಭ್ಯ ಇರುವುದನ್ನೇ ಕೇಳಿ ತಗೊಳ್ಳಿ. ಜೋರಾದ ಸದ್ದು ಮೀಟರಿನಲ್ಲಿ -12 ಡೆಸಿಬೆಲ್ ಹತ್ತಿರ ಬಂದರೆ ಸಾಕು. ಕಚೇರಿ ರೆಕಾರ್ಡ್ ಮಾಡುವ ಮುಂಚೆ ಕಲಾವಿದರ ಒಪ್ಪಿಗೆ ಪಡೆಯಿರಿ.

ಊರಲ್ಲಿ ಅಜ್ಜಿ ಹಾಡುವ ಸೋಬಾನೆ ಪದ ಹಿಡಿದಿಡಬೇಕು ಅಂತಿದ್ದರೆ ರೆಕಾರ್ಡರನ್ನು ಬರೀ ಟೇಬಲ್ ಮೇಲೆ ಇಡಬೇಡಿ. ಟೇಬಲ್ ಅದುರಿದ್ದೆಲ್ಲ ಮೈಕಿಗೆ ಹೋಗುತ್ತದೆ. ಮಡಚಿದ ಟವೆಲ್ ಮೇಲಿಡಿ, ಅಜ್ಜಿಯಿಂದ ಒಂದು ಮೊಳ ದೂರ. ಫ್ಯಾನ್ ಆರಿಸಿ. ಸೆಕೆ ತಡೆಯೋಕಾಗಲ್ಲ ಅಂದರೆ ‘ಲೋ ಕಟ್’ ಹಾಕಿ, ಫ್ಯಾನಿನ ಗುಂಯ್ ಸದ್ದು ಸ್ವಲ್ಪ ತಗ್ಗುತ್ತದೆ. ಹಳೇ ಕ್ಯಾಸೆಟ್ಟುಗಳನ್ನು ಉಳಿಸಿಕೊಳ್ಳುವ ಯೋಚನೆ ಇದ್ದರೆ ‘ಲೈನ್ ಇನ್’ (ಬೇರೆ ಯಂತ್ರದ ಸದ್ದನ್ನು ವೈರಿನಿಂದ ಒಳಗೆ ತೆಗೆದುಕೊಳ್ಳುವ ತೂತು) ಇರಲೇಬೇಕು. ಟೇಪ್ ಡೆಕ್ಕಿನ ವೈರನ್ನು ಮೈಕಿನ ತೂತಿಗೆ ಚುಚ್ಚಿದರೆ ಸದ್ದು ಒಡೆದು ಬರುತ್ತದೆ.

ಕಾರ್ಡ್, ಕನ್ನಡ, ಸೆಲ್

ಎಂಪಿ3ಯಲ್ಲಿ 128 ಕೆಬಿಪಿಎಸ್ ಇಟ್ಟರೆ ನಿಮಿಷಕ್ಕೆ ಸುಮಾರು 1 ಎಂಬಿ. ಸಿಡಿ ಗುಣಮಟ್ಟದ, ಕುಗ್ಗಿಸದ ವೇವ್ (WAV) ಫೈಲ್ ಆದರೆ 10 ಎಂಬಿ. ಎರಡೂವರೆ ಗಂಟೆಯ ಕಚೇರಿ ವೇವ್‌ನಲ್ಲಿ ಒಂದೂವರೆ ಜಿಬಿ ದಾಟುತ್ತದೆ. 32 ಜಿಬಿ ಕಾರ್ಡಿನಲ್ಲಿ ಅಂಥ 20 ಕಚೇರಿ ಹಿಡಿಯಬಹುದು, ಅಷ್ಟು ಸಾಕಲ್ವಾ? ಹಳೇ ಮಾಡೆಲುಗಳು ಅದಕ್ಕಿಂತ ದೊಡ್ಡ ಕಾರ್ಡನ್ನು ಓದದೆಯೂ ಇರಬಹುದು. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ 512 ಜಿಬಿ ಕಾರ್ಡಿನ ಆಸೆ ಬಿಡಿ. ಹೊರಗೆ ಬರೆದಷ್ಟು ಜಾಗ ಒಳಗಿರದ ನಕಲಿ ಕಾರ್ಡುಗಳು ಬೇಕಾದಷ್ಟಿವೆ.

ಕನ್ನಡದಲ್ಲಿ ಹೆಸರಿಟ್ಟ ಒಂದು ಹಾಡನ್ನು ಕಾರ್ಡಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಕೆಲವು ಪ್ಲೇಯರುಗಳಲ್ಲಿ ಅಕ್ಷರದ ಬದಲು ಚೌಕ ಚೌಕ ಕಾಣುತ್ತದೆ. ಅದೊಂದಕ್ಕೇ ಒಳ್ಳೇ ಯಂತ್ರ ಬಿಡಬೇಕಿಲ್ಲ. ಫೈಲುಗಳಿಗೆ 01, 02 ಅಂತ ನಂಬರ್ ಕೊಟ್ಟು, ಯಾವ ನಂಬರ್ ಯಾವ ಹಾಡು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಆಯಿತು.

ಬ್ಯಾಟರಿ ವಿಷಯದಲ್ಲಿ ನನ್ನ ಓಟು ಸಣ್ಣ ಸೆಲ್ ಹಾಕುವ ಮಾಡೆಲಿಗೆ. ಕಚೇರಿ ನಡುವೆ ಸೆಲ್ ಮುಗಿದರೆ ಪಕ್ಕದ ಅಂಗಡಿಯಲ್ಲೂ ಸಿಗುತ್ತದೆ. ಬಿಲ್ಲಿನ ಮೇಲೆ ಮಾಡೆಲ್ ಮತ್ತು ಸೀರಿಯಲ್ ನಂಬರ್ ಎರಡನ್ನೂ ಬರೆಸಿಕೊಳ್ಳಿ.